ಸಾಫ್ಟ್‌ವೇರ್ ಬಂತು, ಚೀಟಿ ಹೋಗಲಿಲ್ಲ

ಮೇಲಿನವರು ಮನಸ್ಸು ಮಾಡಿದರೆ ಸಂಸ್ಥೆ ತಾನಾಗಿ ಡಿಜಿಟಲ್ ಆಗುತ್ತದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ ಸರ್. ಅರ್ಧ ಒಪ್ಪುತ್ತೇನೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ನೋಡುವವನು. ಸಾಫ್ಟ್‌ವೇರ್ ತರಿಸಲು ನಮ್ಮ ಸಾವ್ಕಾರರು ಮನಸ್ಸೂ ಮಾಡಿದ್ದರು, ದುಡ್ಡೂ ಹಾಕಿದ್ದರು. ಆದರೆ ಗೇಟಿನಲ್ಲಿ ತೂಕದ ಚೀಟಿ ಬರೆಯುವ ಕಾಕಾನನ್ನು ಯಾರೂ ಒಂದು ಮಾತು ಕೇಳಲಿಲ್ಲ. ತೊಗರಿ ಸೀಸನ್‌ನಲ್ಲಿ ಹೊರಗೆ ಲಾರಿ ಸಾಲು, ಒಳಗೆ ಸ್ಕ್ರೀನ್ ತುಂಬಾ ಇಂಗ್ಲಿಷ್ ಖಾನೆಗಳು. ಕಾಕಾ ಸುಮ್ನೆ ಹಳೆ ಚೀಟಿಗೇ ಕೈ ಹಾಕಿದ. ರಾತ್ರಿ ಕೂತು ಅದನ್ನೆಲ್ಲ ಟೈಪ್ ಮಾಡೋದು ನನ್ನ ಪಾಲಿಗೆ ಬಂತು. ಒಂದು ಕೆಲಸ ಎರಡಾಯಿತು, ಅಷ್ಟೇ.

ಮುಂದಿನ ವರ್ಷ ಕಾಕಾನ ಪಕ್ಕದಲ್ಲಿ ಸ್ಟೂಲ್ ಹಾಕಿ ಎರಡು ದಿನ ಕೂತೆವು. ಅವನಿಗೆ ಬೇಕಾಗಿದ್ದು ನಾಲ್ಕೇ: ಗಾಡಿ ನಂಬರ್, ಚೀಲ, ತೂಕ, ತೇವಾಂಶ. ಅಷ್ಟನ್ನೇ ಕನ್ನಡದಲ್ಲಿ ಇಟ್ಟೆವು. ಆಮೇಲೆ ಸಾವ್ಕಾರರು ಕೈಬರಹದ ಚೀಟಿಗೆ ಪೇಮೆಂಟ್ ಇಲ್ಲ ಅಂದರು. ನಾಲ್ಕು ದಿನ ಗಲಾಟೆ ಜಾಸ್ತಿ ಇತ್ತು, ಅದರಲ್ಲಿ ನನ್ನದೂ ಒಂದು ಪಾಲು!

ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ತಂದ ನಮ್ಮ ರಾಜ್ಯದ ‘ಭೂಮಿ’ ಯೋಜನೆಯಲ್ಲೂ ಹೀಗೇ ಆಗಿದ್ದು, ಅಲ್ವಾ? ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿದರು. ಅದರ ಜೊತೆ, ಕಂಪ್ಯೂಟರ್ ಪಹಣಿ ಕೊಡುವ ಕೇಂದ್ರ ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ನಡೆಯುವುದಿಲ್ಲ ಎಂದೂ ಹೇಳಿದರು. ಹಳೆ ಬಾಗಿಲು ಯಾವಾಗ ಮುಚ್ಚಬೇಕು ಅನ್ನೋದರ ಬಗ್ಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಕಂತಿನಲ್ಲಿ ಬರೆಯಿರಿ.