ಎಲ್ಲರಿಗೂ ಒಂದೇ ತ್ರಿಕೋನ ಬೇಡ
ತ್ರಿಕೋನದ ಮೂರು ಕೋನ ಕೂಡಿದರೆ 180 ಡಿಗ್ರಿ ಅಂತ ಮಕ್ಕಳಿಗೆ ತೋರಿಸಲು, ಕಾಗದದ ತ್ರಿಕೋನದ ಮೂರೂ ಮೂಲೆ ಹರಿದು ಜೋಡಿಸುವ ಚಟುವಟಿಕೆ ಬಗ್ಗೆ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ, ತುಂಬಾ ಇಷ್ಟವಾಯಿತು. ಆದರೆ ಎಲ್ಲ ಮಕ್ಕಳಿಗೂ ಒಂದೇ ಅಳತೆಯ ತ್ರಿಕೋನ ಕೊಡಿ ಅಂದಿದ್ದೀರಲ್ಲ, ಅದು ಮಾತ್ರ ಬೇಡ. ಅವರೇ ಮನಸ್ಸಿಗೆ ಬಂದ ಹಾಗೆ ಕತ್ತರಿಸಲಿ. ಒಬ್ಬರದು ಚೂಪಾಗಿ, ಇನ್ನೊಬ್ಬರದು ಅಗಲವಾಗಿ, ಮತ್ತೊಬ್ಬರದು ಸೊಟ್ಟಗೆ. ಯಾರದೇ ಆದರೂ ಮೂಲೆಗಳು ಸೇರಿದರೆ ನೇರ ಗೆರೆಯೇ ಆಗುತ್ತದೆ. ಪಕ್ಕದವರದ್ದನ್ನೂ ನೋಡಿದ ಮೇಲೇ 180 ಡಿಗ್ರಿ ಅನ್ನುವುದು ಮಗುವಿಗೆ ನಿಜ ಅನ್ನಿಸುವುದು. ಹರಿಯುವ ಮೊದಲು ಮೂಲೆಗಳಿಗೆ ಬಣ್ಣ ಹಚ್ಚಿಸಿ. ಇಲ್ಲದಿದ್ದರೆ ಮೂಲೆ ಯಾವುದು, ಹರಿದ ಅಂಚು ಯಾವುದು ಅಂತ ಗೊಂದಲವಾಗುತ್ತದೆ.

ಚೌಕವನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಸಾಕು, ಎಷ್ಟೋ ಮಕ್ಕಳು ಅದು ಚೌಕವೇ ಅಲ್ಲ ಅನ್ನುತ್ತಾರೆ. ಬೋರ್ಡಿನ ಮೇಲೆ ನಾವು ಯಾವಾಗಲೂ ನೆಟ್ಟಗೇ ಬರೆಯುತ್ತೇವೆ, ಅದಕ್ಕೇ ಅಲ್ವಾ? ರಟ್ಟಿನ ಆಕಾರಗಳನ್ನು ಕೈಗೆ ಕೊಟ್ಟು ಸುಮ್ನೆ ತಿರುಗಿಸಲು ಬಿಡಿ.

ಸಾಧ್ಯವಾದರೆ ಇದನ್ನೂ ಸೇರಿಸಿ: ರಟ್ಟಿನ ಪಟ್ಟಿಗಳ ತುದಿಗೆ ತೂತು ಮಾಡಿ, ದಾರದಿಂದ ಕಟ್ಟಿ ಒಂದು ತ್ರಿಕೋನ, ಒಂದು ಚೌಕ ಮಾಡಿಸಿ. ಒತ್ತಿದರೆ ಚೌಕ ವಾಲುತ್ತದೆ, ತ್ರಿಕೋನ ಜಗ್ಗುವುದಿಲ್ಲ. ಚೌಕಕ್ಕೆ ಮೂಲೆಯಿಂದ ಮೂಲೆಗೆ ಇನ್ನೊಂದು ಪಟ್ಟಿ ಕಟ್ಟಿದರೆ ಅದೂ ಗಟ್ಟಿಯಾಗುತ್ತದೆ. ಕಬ್ಬಿಣದ ಸೇತುವೆಗಳಲ್ಲಿ ಅಷ್ಟೊಂದು ತ್ರಿಕೋನ ಯಾಕಿವೆ ಅಂತ ಆಮೇಲೆ ಕೇಳಿ ನೋಡಿ, ಉತ್ತರ ಮಕ್ಕಳಿಂದಲೇ ಬರುತ್ತದೆ.