ಇರುವೆ ಹಿಂದೆ ಬಿದ್ದ ನಮ್ಮನೆಯವರು

ಸಕ್ಕರೆ ಡಬ್ಬಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮನೆಯಲ್ಲಿ ಇರುವೆ ಕಂಡ ತಕ್ಷಣ ಎಲ್ಲರೂ ಕೇಳುವುದು ಅದೊಂದೇ ಪ್ರಶ್ನೆ, ಅದೂ ನನ್ನನ್ನೇ. ಚಳಿ ಕಳೆದು ಸ್ವಲ್ಪ ಬಿಸಿಲು ಕಾದರೆ ಸಾಕು, ಅಡುಗೆಮನೆ ಕಟ್ಟೆ ಮೇಲೆ ಸಾಲು ಹಾಜರ್. ರಾತ್ರಿ ಒರೆಸಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಅದೇ ದಾರಿ, ಅದೇ ತಿರುವು, ಅದೇ ಗಡಿಬಿಡಿ. ಎದುರುಬದುರಾದಾಗ ಒಂದು ಕ್ಷಣ ನಿಂತು, ಮೂತಿಗೆ ಮೂತಿ ತಾಗಿಸಿ ಏನೋ ಮಾತಾಡಿಕೊಂಡು ಹೋಗುತ್ತವೆ ಬೇರೆ. ನನ್ನ ವಿಷಯವೇ ಇರಬೇಕು.

ಚಳಿಯಲ್ಲಿ ಇವು ಎಲ್ಲಿಗೂ ಹೋಗಿರುವುದಿಲ್ಲ, ಗೂಡಿನಲ್ಲೇ ತೆಪ್ಪಗಿರುತ್ತವೆ. ಬೆಚ್ಚಗಾದ ಕೂಡಲೇ ಅಲ್ಲಿ ಮರಿಹುಳುಗಳ ಸಂಖ್ಯೆ ಏರುತ್ತದೆ, ಊಟಕ್ಕೆ ಬೇಡಿಕೆ ಶುರು. ಒಂದು ಇರುವೆ ಅಲೆಯುತ್ತಾ ಬಂದು ನಮ್ಮ ಮನೆಯಲ್ಲಿ ಏನೋ ಒಂದು ಕಣ ಕಂಡು, ವಾಪಸ್ ಹೋಗುವಾಗ ನೆಲಕ್ಕೆ ವಾಸನೆಯ ಗೆರೆ ಎಳೆದುಕೊಂಡು ಹೋಗುತ್ತದೆ. ಮಿಕ್ಕವೆಲ್ಲ ಆ ಗೆರೆ ಹಿಡಿದು ಬರುತ್ತವೆ. ಹಾಗಾಗಿ ಒಣ ಬಟ್ಟೆಯಲ್ಲಿ ಸುಮ್ನೆ ಒರೆಸಿದರೆ ಇರುವೆ ಹೋದರೂ ದಾರಿ ಉಳಿದುಬಿಡುತ್ತದೆ, ಸೋಪಿನ ನೀರು ಹಾಕಿ ತಿಕ್ಕಬೇಕು. ಇನ್ನೊಂದು ವಿಷಯ ಗೊತ್ತಾ? ಹೀಗೆ ಬಂದು ದುಡಿಯುವವೆಲ್ಲ ಹೆಣ್ಣಿರುವೆಗಳೇ. ಗಂಡಿನ ಕೆಲಸ ರಾಣಿಯ ಜೊತೆ ಕೂಡುವುದು, ಆಮೇಲೆ ಸಾಯುವುದು. ಗೂಡಿಗೆ ಒಂದು ಕಾಳು ತಂದು ಹಾಕಿದ್ದಿಲ್ಲ. ಇದನ್ನು ನಮ್ಮನೆಯವರಿಗೆ ಓದಿ ಹೇಳಿದೆ. "ಹೌದಾ" ಅಂದು ಟಾರ್ಚ್ ಹುಡುಕಲು ಎದ್ದು ಹೋದರು.

ಇವರ ಟಾರ್ಚಿನ ಬಗ್ಗೆ ಹೇಳಬೇಕು. ಅದಕ್ಕಿಂತ ಮೊದಲು ಸಂದಿಗೆ ಅಂಟು ತುಂಬುವ ಸಿಲಿಕೋನ್ ಗನ್ ಬಗ್ಗೆ.

ಸ್ಪ್ರೇ ಹೊಡೆಯುವುದು ಇವರಿಗೆ ಆಗಿಬರುವುದಿಲ್ಲ. ಕಣ್ಣಿಗೆ ಕಂಡ ನಾಲ್ಕು ಸಾಯುತ್ತವೆ, ಕೆಲವು ಜಾತಿಯ ಇರುವೆಗಳಂತೂ ಸ್ಪ್ರೇ ಹೊಡೆದರೆ ಗೂಡು ಒಡೆದು ಎರಡು ಮೂರು ಸಂಸಾರ ಮಾಡಿಕೊಳ್ಳುತ್ತವೆ ಎನ್ನುತ್ತಾರೆ. ಮಾತು ನಿಜವೇ. ಆದರೆ ಅದಕ್ಕೆ ಇವರು ಕಂಡುಕೊಂಡ ಪರಿಹಾರ, ಮನೆಯ ಪ್ರತಿ ಸಂದನ್ನೂ ಮುಚ್ಚುವುದು. ಇಲಿ ಮರಿಗೆ 6 ಮಿಲಿಮೀಟರ್ ಸಂದು ಸಾಕಂತೆ. ಜಿರಳೆಗೆ ಅಷ್ಟೂ ಬೇಡವಂತೆ. ಅಂದಿನಿಂದ ಕೈಯಲ್ಲಿ ಸ್ಕೇಲ್, ಹೆಗಲಲ್ಲಿ ಗನ್. ಸಿಂಕಿನ ಕೆಳಗಿನ ಪೈಪ್ ಸುತ್ತ ಬಳಿದರು, ಒಳ್ಳೆಯದೇ. ಕಿಟಕಿ ಚೌಕಟ್ಟಿಗೆ ಬಳಿದರು. ಬಚ್ಚಲಮನೆಯ ಕಿಟಕಿಗೂ ಬಳಿದರು, ಅದು ಈಗ ತೆರೆಯುವುದಿಲ್ಲ. ಕೇಳಿದರೆ "ನೋಡು, ಎಷ್ಟು ಗಟ್ಟಿ ಕೂತಿದೆ" ಅಂತ ಅದನ್ನೇ ಅಲ್ಲಾಡಿಸಿ ತೋರಿಸುತ್ತಾರೆ.

ಇರುವೆಗಳು ಏನು ಮಾಡಿದವು? ದಾರಿ ಬದಲಿಸಿದವು. ಈಗ ಟಾರ್ಚಿನ ಸರದಿ. ರಾತ್ರಿ ಊಟ ಮುಗಿಸಿ ಇವರು ನೆಲದ ಮೇಲೆ ಬೋರಲು ಮಲಗಿದರು. ಕೆನ್ನೆ ನೆಲಕ್ಕೆ, ಟಾರ್ಚ್ ಗೋಡೆಗೆ, ಒಂದು ಕಣ್ಣು ಮುಚ್ಚಿ ಹಿಮ್ಮುಖವಾಗಿ ಸಾಲಿನ ಬೆನ್ನು ಹತ್ತಿದರು. ಅಷ್ಟರಲ್ಲಿ ಮೇಲಿನ ಮನೆಯವರು ಏನೋ ಕೇಳಲು ಬಂದರು. ಬಾಗಿಲಲ್ಲೇ ನಿಂತು ಗಾಬರಿಯಿಂದ, "ಯಾಕಮ್ಮಾ, ಸಾರ್‌ಗೆ ಹುಷಾರಿಲ್ವಾ?" ಅಂದರು.

"ಇಲ್ಲ, ಇರುವೆ ನೋಡ್ತಿದ್ದಾರೆ."

ಯಾರಾದರೂ ಆಗಿದ್ದರೆ ನಕ್ಕು ವಾಪಸ್ ಹೋಗುತ್ತಿದ್ದರು. ಈ ಮಹಾನುಭಾವರು ಚಪ್ಪಲಿ ಬಿಟ್ಟು ಒಳಗೆ ಬಂದು, ಪ್ಯಾಂಟನ್ನು ಮೊಣಕಾಲಿಂದ ಮೇಲೆ ಎಳೆದುಕೊಂಡು ಪಕ್ಕದಲ್ಲಿ ತಾವೂ ಮಲಗಿದರು. "ಸಾರ್, ಇದು ಲೋಡ್ ಹೊತ್ಕೊಂಡು ಬರ್ತಿದೆ ನೋಡಿ. ಅಂದ್ರೆ ಮಾಲು ಆ ಕಡೆ ಇದೆ." ನಮ್ಮನೆಯವರನ್ನು ಜನ್ಮದಲ್ಲಿ ಯಾರೂ ಇಷ್ಟು ಅರ್ಥ ಮಾಡಿಕೊಂಡಿರಲಿಲ್ಲ ಅನ್ನಿಸುತ್ತದೆ, ಆ ಖುಷಿ ನೋಡಬೇಕಿತ್ತು. ಇಬ್ಬರೂ ತೆವಳುತ್ತಾ ಹಾಲ್ ದಾಟಿದರು. ನಾನು ಕುರ್ಚಿ ಸರಿಸಿ ಕೊಡುತ್ತಿದ್ದೆ. ಸಾಲು ಗೋಡೆ ಹತ್ತಿತು, ಸ್ವಿಚ್ ಬೋರ್ಡಿನ ಒಂದು ತೂತಲ್ಲಿ ಹೋಗಿ ಇನ್ನೊಂದರಲ್ಲಿ ಬಂತು, ಮೇಜಿನ ಕಾಲು ಹಿಡಿದು ಡ್ರಾಯರಿನ ಒಳಗೆ ಇಳಿಯಿತು. ಇವರದೇ ಡ್ರಾಯರ್. ಒಳಗೆ ಟಾರ್ಚ್ ಇಡುವ ಜಾಗದ ಪಕ್ಕ, ಕವರ್ ಬಿಚ್ಚಿ ಅರ್ಧ ಚೀಪಿ ಮತ್ತೆ ಸುತ್ತಿಟ್ಟ ಕೆಮ್ಮಿನ ಗುಳಿಗೆ. ಕಪ್ಪಗೆ ಮುತ್ತಿಕೊಂಡಿತ್ತು.

ನಾನು ಮಾತಾಡಲಿಲ್ಲ. ಮೇಲಿನ ಮನೆಯವರು ಫ್ಯಾನ್ ನೋಡಿದರು. ಇವರು ಎದ್ದು ಮೊಣಕೈ ಒರೆಸಿಕೊಂಡು, "ಅದಕ್ಕೇ ಹೇಳಿದ್ದು, ಸ್ವಿಚ್ ಬೋರ್ಡ್ ಸೀಲ್ ಮಾಡ್ಬೇಕು ಅಂತ" ಅಂದರು.

ಡಬ್ಬಿ ಮುಚ್ಚಳದ ಬಗ್ಗೆ ನನ್ನನ್ನು ಕೇಳಿದ್ದ ಮನುಷ್ಯ ಇವರು!

ಜಿರಳೆ ಕಥೆ ಬೇರೆ. ಸಣ್ಣ ಕಂದು ಜಿರಳೆ ಇದೆಯಲ್ಲ, ಅದರ ಒಂದು ಮೊಟ್ಟೆಚೀಲದಲ್ಲಿ 30ರಿಂದ 40 ಮರಿ. ತಲೆ ಹೋದರೂ ಒಂದು ವಾರ ಬದುಕುತ್ತದೆ. ಸಿಹಿ ಬೆರೆಸಿದ ಔಷಧಿ ತಿಂದು ತಿಂದು ಸತ್ತು, ಕೊನೆಗೆ ಇವುಗಳಲ್ಲಿ ಒಂದು ವಂಶ ಗ್ಲೂಕೋಸ್ ಕಂಡರೆ ಕಹಿ ಎಂದು ಮುಖ ತಿರುಗಿಸುವಂತೆ ಆಗಿಬಿಟ್ಟಿದೆ. 2013ರಲ್ಲಿ ವಿಜ್ಞಾನಿಗಳು ಅವುಗಳ ಬಾಯಿಯ ರುಚಿ ನರಗಳನ್ನೇ ಪರೀಕ್ಷೆ ಮಾಡಿ ಇದನ್ನು ತೋರಿಸಿದರು. ಡಾಕ್ಟರ್ ಹೇಳಿ ಹೇಳಿ ಸೋತರೂ ನಮ್ಮ ಮನೆಯಲ್ಲಿ ಸಿಹಿ ಬಿಟ್ಟವರಿಲ್ಲ, ಜಿರಳೆ ಬಿಟ್ಟಿದೆ.

ಮಗಳು ಇದ್ದಾಗ ಇಷ್ಟೆಲ್ಲ ತನಿಖೆ ಬೇಕಿರಲಿಲ್ಲ. ಸೋಫಾ ಸಂದಿನಲ್ಲಿ, ಹಾಸಿಗೆಯಲ್ಲಿ, ಪುಸ್ತಕದ ಹಾಳೆಗಳ ಮಧ್ಯೆ ಬಿಸ್ಕತ್ತಿನ ಪುಡಿ. ಇರುವೆ ಎಲ್ಲಿಂದ ಬಂತು ಎಂದು ಕೇಳುವ ಪ್ರಶ್ನೆಯೇ ಇಲ್ಲ, ಅವಳನ್ನು ಹೆಸರು ಹಿಡಿದು ಕೂಗಿದರೆ ಸಾಕಿತ್ತು. ಎಷ್ಟು ಬೈದಿದ್ದೇನೋ. ಅವಳು ಬೇರೆ ಊರು ಸೇರಿದ ಮೇಲೆ ಸೋಫಾ ಅಡಿ ಗುಡಿಸಿದರೆ ಬರಿ ಧೂಳು. ಫೋನಿನಲ್ಲಿ ಗುಳಿಗೆ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕಳು. "ಅಮ್ಮಾ, ಅಪ್ಪನ್ನ ಕೂಗು" ಅಂದಳು.

ಈಗ ಸಕ್ಕರೆ ನೀರಿಗೆ ಇರುವೆಗೆ ವಿಷವಾಗುವ ಬೋರಾಕ್ಸ್ ಪುಡಿ ಚಿಟಿಕೆ ಹಾಕಿ ಮೂಲೆಯಲ್ಲಿ ಇಟ್ಟಿದ್ದೇನೆ. ಇದರ ಗುಟ್ಟು ನಿಧಾನ. ಕುಡಿದ ಇರುವೆ ಅಲ್ಲೇ ಸಾಯದೆ ಗೂಡಿಗೆ ಹೋಗಿ ಎಲ್ಲರಿಗೂ ಉಣಿಸಬೇಕು. ಅಲ್ಲಿಯವರೆಗೆ ಸಾಲು ಇನ್ನೂ ಜಾಸ್ತಿ ಕಾಣುತ್ತದೆ, ಒರೆಸಲು ಹೋಗಬಾರದು. ಮನೆಗೆ ಬಂದವರ ಎದುರು ಇದನ್ನು ವಿವರಿಸುವ ಕಷ್ಟ ಯಾರಿಗೆ ಬೇಕು?

ಇವರು ಮಾತ್ರ ಸುಮ್ಮನೆ ಕೂತಿಲ್ಲ. ಮೇಲಿನ ಮನೆಯವರನ್ನೂ ಕರೆದುಕೊಂಡು ಮುಂಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೆದಿದ್ದಾರೆ. ಇಲಿ ಖಂಡಿತ ಬರುವುದಿಲ್ಲ. ಬಾಗಿಲೂ ಪೂರ್ತಿ ತೆರೆಯುವುದಿಲ್ಲ, ಒಳಗೆ ಬರುವವರು ಓರೆಯಾಗಿ ಬರಬೇಕು.