ಉತ್ತಮ ದರ್ಜೆಯ ಸೋಲುಗಳು

ತಾವೇ ಬಲಿಷ್ಠರೆಂದು ಮೈದಾನದಲ್ಲಿ ಬೆವರು ಸುರಿಸಿ ತೋರಿಸುವ ಹಳೆಯ ಪದ್ಧತಿಗೆ ಅಮೆರಿಕದ ಕಾಲೇಜು ಫುಟ್‌ಬಾಲಿನ ಎಸ್‌ಇಸಿ ಕಾನ್ಫರೆನ್ಸಿನವರು, ಅಂದರೆ ತಮ್ಮೊಳಗೇ ಹೆಚ್ಚಾಗಿ ಆಡಿಕೊಳ್ಳುವ ಆಗ್ನೇಯ ಭಾಗದ ವಿಶ್ವವಿದ್ಯಾಲಯಗಳ ಕೂಟದವರು, 2025ರ ಮೇ ಕೊನೆಯಲ್ಲಿ ಸುಲಭವಾದ ಪರ್ಯಾಯವೊಂದನ್ನು ಕಂಡುಕೊಂಡರು. ಫ್ಲೋರಿಡಾದ ಡೆಸ್ಟಿನ್ ಕಡಲತೀರದಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ, ತಮ್ಮ ಪಂದ್ಯಗಳಷ್ಟು ಕಠಿಣವಾದವು ದೇಶದಲ್ಲಿ ಇನ್ನಾರ ಪಾಲಿಗೂ ಬಂದಿಲ್ಲವೆಂದು ಅಂಕಿಅಂಶಸಹಿತ ಸಾಧಿಸುವ ಏಳು ಪುಟಗಳ ದಸ್ತಾವೇಜನ್ನು ಪತ್ರಕರ್ತರ ಕೈಗಿತ್ತರು. 2006ರಿಂದ 2012ರವರೆಗೆ ಇದೇ ಕಾನ್ಫರೆನ್ಸಿನ ತಂಡಗಳು ಸತತ ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗೆದ್ದಿದ್ದವು. 2023ರ ಋತುವಿನ ಪ್ರಶಸ್ತಿಯನ್ನು ಮಿಶಿಗನ್, 2024ರದನ್ನು ಒಹಾಯೊ ಸ್ಟೇಟ್, ಅಂದರೆ ಎರಡನ್ನೂ ಎದುರಾಳಿ ಕಾನ್ಫರೆನ್ಸಾದ ಬಿಗ್ ಟೆನ್‌ನವರು ಹೊತ್ತೊಯ್ದ ಮೇಲೆ ಆ ಹಳೆಯ ಏಳರಲ್ಲಿ ಪ್ರಶಸ್ತಿಗೊಂದರಂತೆ ಪುಟಗಳನ್ನು ಅಚ್ಚು ಹಾಕಿಸುವುದು ಉಳಿದಿತ್ತು. ಅದನ್ನೂ ಮಾಡಿ ಮುಗಿಸಿದರು.

ಇಂಥ ಹೋಲಿಕೆ ಬೇಕೇ ಇಲ್ಲವೆಂದು ನಾನು ಹೇಳುವುದಿಲ್ಲ. ಮೇಲಿನ ದರ್ಜೆಯಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ಒಂದೊಂದೂ ಋತುವಿಗೆ ಹನ್ನೆರಡು ಪಂದ್ಯಗಳನ್ನಾಡುವಾಗ ಯಾರು ಯಾರಿಗಿಂತ ಮೇಲೆಂದು ಹೇಳಲು ಏನಾದರೊಂದು ಅಳತೆಗೋಲು ಇರಲೇಬೇಕು. ಆ ಅಳತೆಗೋಲೇ ಕಾನ್ಫರೆನ್ಸಿನ ಬಲ. ಹುಡುಗನ ಮುಖವನ್ನೂ ನೋಡದೆ ಮನೆತನ ವಿಚಾರಿಸಿ ಹೆಣ್ಣು ಕೊಡುತ್ತಿದ್ದ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಚೆಂಡು ಇನ್ನೂ ನೆಲ ಮುಟ್ಟದ ಆಗಸ್ಟ್ ತಿಂಗಳಲ್ಲೇ ದೊಡ್ಡ ಮನೆತನದ ತಂಡಗಳನ್ನು ಮೊದಲ ಇಪ್ಪತ್ತೈದರ ಪಟ್ಟಿಯಲ್ಲಿ ಕೂರಿಸಲಾಗುತ್ತದೆ. ಆಮೇಲೆ ಅವು ತಮ್ಮತಮ್ಮಲ್ಲೇ ಕಾದಾಡಿದಾಗ ಗೆದ್ದವನು ಪಟ್ಟಿಯಲ್ಲಿರುವ ತಂಡವನ್ನು ಗೆದ್ದಂತಾಗುತ್ತದೆ, ಸೋತವನು ಪಟ್ಟಿಯಲ್ಲಿರುವ ತಂಡಕ್ಕೆ ಸೋತಂತಾಗುತ್ತದೆ, ಮತ್ತು ಈ ಎರಡನೆಯದನ್ನು ಪಂಡಿತರು ಉತ್ತಮ ದರ್ಜೆಯ ಸೋಲು ಎಂದು ಕೊಂಡಾಡುತ್ತಾರೆ.

2024ರ ಅಕ್ಟೋಬರ್ 5ರಂದು ಈ ಸಿದ್ಧಾಂತಕ್ಕೆ ನ್ಯಾಶ್‌ವಿಲ್‌ನಲ್ಲಿ ಕಠಿಣ ಪರೀಕ್ಷೆ ಎದುರಾಯಿತು. ಎಸ್‌ಇಸಿಯ ಬಡ ನೆಂಟನೆಂದೇ ಹೆಸರಾಗಿದ್ದ, 1984ರ ನಂತರ ಅಲಬಾಮಾವನ್ನು ಒಮ್ಮೆಯೂ ಸೋಲಿಸಿರದ ವ್ಯಾಂಡರ್‌ಬಿಲ್ಟ್, ಆಗ ದೇಶದ ಮೊದಲ ಸ್ಥಾನದಲ್ಲಿದ್ದ ಅದೇ ಅಲಬಾಮಾವನ್ನು 40–35ರಿಂದ ಕೆಡವಿತು. ಮೈದಾನಕ್ಕೆ ನುಗ್ಗಿದ ವಿದ್ಯಾರ್ಥಿಗಳು ಗೋಲ್‌ಪೋಸ್ಟನ್ನು ಬುಡಸಮೇತ ಕಿತ್ತರು. ಅದನ್ನು ಹೆಗಲ ಮೇಲೆ ಹೊತ್ತು, ಶನಿವಾರ ಸಂಜೆಯ ಜನಜಂಗುಳಿ ತುಂಬಿದ್ದ ಬ್ರಾಡ್‌ವೇ ಬೀದಿಯುದ್ದಕ್ಕೂ ಮೆರವಣಿಗೆ ಮಾಡಿ, ಕಂಬರ್‌ಲೆಂಡ್ ನದಿಯಲ್ಲಿ ವಿಸರ್ಜಿಸಿದರು. ಗಣಪತಿಯನ್ನು ಬಿಟ್ಟುಬಂದ ಜನರ ಮುಖದಲ್ಲಿರುವ ತೃಪ್ತಿಯೇ ಅವರ ಮುಖದಲ್ಲೂ ಇತ್ತು. ಕಾನ್ಫರೆನ್ಸು ವಿಶ್ವವಿದ್ಯಾಲಯಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿತು. ಇಡೀ ಪ್ರಕರಣದಲ್ಲಿ ಪ್ರಾಮಾಣಿಕವಾಗಿ ವರ್ತಿಸಿದ್ದು ಆ ಗೋಲ್‌ಪೋಸ್ಟ್ ಒಂದೇ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಉಳಿದವರೆಲ್ಲ ಮರುದಿನವೇ ವ್ಯಾಖ್ಯಾನಕ್ಕೆ ಕುಳಿತರು: ಕೊನೆಯ ಮನೆಯವನೂ ಯಜಮಾನನನ್ನು ಹೊಡೆಯಬಲ್ಲನೆಂದರೆ ಆ ಕೇರಿಯ ಬಲ ಎಂಥದ್ದಿರಬೇಕು! ಬಿಗ್ ಟೆನ್‌ನಲ್ಲಿ ಇದೇ ನಡೆದಿದ್ದರೆ ಅಲ್ಲಿನ ಯಜಮಾನನೇ ಟೊಳ್ಳೆಂದು ತೀರ್ಪಾಗುತ್ತಿತ್ತು.

ಅಲಬಾಮಾ ಮುಂದೆ ಟೆನೆಸ್ಸಿಗೂ ಸೋತಿತು, ಓಕ್ಲಹೋಮಾಕ್ಕೆ 24–3ರಿಂದ ಸೋತಿತು, ಮತ್ತು ರಾಷ್ಟ್ರೀಯ ಪ್ರಶಸ್ತಿಗಾಗಿ ಹನ್ನೆರಡು ತಂಡಗಳು ಸೆಣಸುವ ಪ್ಲೇಆಫ್‌ನಲ್ಲಿ ಅದಕ್ಕೆ ಜಾಗವಿಲ್ಲವೆಂದು ಆಯ್ಕೆ ಸಮಿತಿ ಹೇಳಿದಾಗ ಎಷ್ಟು ದೊಡ್ಡ ರೋದನವೆದ್ದಿತೆಂಬುದು ನಿಮಗೆ ಗೊತ್ತೇ ಇದೆ. ಡಿಸೆಂಬರ್ 31ರಂದು ಟ್ಯಾಂಪಾದಲ್ಲಿ, ಪ್ಲೇಆಫ್‌ಗೆ ಹೊರತಾದ ಋತು ಕೊನೆಯ ಬೌಲ್ ಪಂದ್ಯದಲ್ಲಿ, ಹಲವು ಪ್ರಮುಖ ಆಟಗಾರರೇ ಇಲ್ಲದ ಮಿಶಿಗನ್ ಅದನ್ನು 19–13ರಿಂದ ಸೋಲಿಸಿತು. ವಿವರಣೆ ಸಿದ್ಧವಾಗಿಯೇ ಇತ್ತು: ಪ್ಲೇಆಫ್ ತಪ್ಪಿದ ಹುಡುಗರಿಗೆ ಇಂಥ ಪಂದ್ಯದಲ್ಲಿ ಆಸಕ್ತಿ ಇರುವುದಿಲ್ಲ. 2017ರ ನವೆಂಬರಿನಲ್ಲಿ ಜಾರ್ಜಿಯಾ ಮತ್ತು ಅಲಬಾಮಾ ಎರಡನ್ನೂ ಸೋಲಿಸಿದ್ದ ಆಬರ್ನ್ ತಂಡ, ಒಂದೂ ಪಂದ್ಯ ಸೋಲದ ಸೆಂಟ್ರಲ್ ಫ್ಲೋರಿಡಾದ ಎದುರು 34–27ರಿಂದ ಮಣ್ಣುಮುಕ್ಕಿದಾಗಲೂ ಆಸಕ್ತಿಯೇ ಕೈಕೊಟ್ಟಿತ್ತು. ಆ ವರ್ಷ ರಾಷ್ಟ್ರೀಯ ಪ್ರಶಸ್ತಿಗಾಗಿ ಹೋರಾಡಿದವರು, ಆಬರ್ನ್‌ಗೆ ಸೋತಿದ್ದ ಆ ಜಾರ್ಜಿಯಾ ಮತ್ತು ಅಲಬಾಮಾಗಳೇ.

ಈಗ ಫ್ಲೋರಿಡಾ ಸ್ಟೇಟ್‌ನ ಮಾತಿಗೆ ಬರೋಣ. 2023ರಲ್ಲಿ ಎಸಿಸಿಯ, ಅಂದರೆ ಅಟ್ಲಾಂಟಿಕ್ ತೀರದ ಕಾನ್ಫರೆನ್ಸಿನ, ಈ ತಂಡ ಹದಿಮೂರು ಪಂದ್ಯಗಳನ್ನಾಡಿ ಹದಿಮೂರನ್ನೂ ಗೆದ್ದಿತ್ತು. ಸೋತವರಲ್ಲಿ ಎಲ್‌ಎಸ್‌ಯು ಮತ್ತು ಫ್ಲೋರಿಡಾ ಇದ್ದವು, ಇಬ್ಬರೂ ಎಸ್‌ಇಸಿಯವರೇ. ಆದರೂ ಡಿಸೆಂಬರ್ 3ರಂದು ಸಮಿತಿಯ ಹದಿಮೂರು ಮಂದಿ, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಆಗ ನಾಲ್ಕೇ ತಂಡಗಳಿದ್ದ ಪ್ಲೇಆಫ್‌ನ ಒಳಕ್ಕೆ ಕರೆದು ಇವರ ಮುಖದ ಮೇಲೆ ಬಾಗಿಲು ಹಾಕಿದರು. ಅಲಬಾಮಾ ಹಿಂದಿನ ದಿನ ಮೊದಲ ಸ್ಥಾನದ ಜಾರ್ಜಿಯಾವನ್ನು ಸೋಲಿಸಿತ್ತೆಂಬುದು ನಿಜ. ಫ್ಲೋರಿಡಾ ಸ್ಟೇಟ್‌ನ ದಾಳಿಯನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಜಾರ್ಡನ್ ಟ್ರಾವಿಸ್ ನವೆಂಬರಿನಲ್ಲಿ ಕಾಲು ಮುರಿದುಕೊಂಡಿದ್ದರಿಂದ ತಂಡ ಮೊದಲಿನಂತಿಲ್ಲವೆಂದು ಸಮಿತಿ ಕಾರಣ ಕೊಟ್ಟಿತು. ನನ್ನ ಕಾಲು ಋತುವಿನಲ್ಲಿ ಇನ್ನೂ ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ಗಿಂತ ದೊಡ್ಡದೆಂದು ನಿಮಗೆ ಕಾಣುತ್ತಿತ್ತು ಎಂಬರ್ಥದ ಮಾತನ್ನು ಆ ಹುಡುಗ ಬರೆದುಕೊಂಡ. ಅದನ್ನು ಓದಿದ ಮೇಲೆ ನನಗೆ ವಿಡಂಬನೆ ಹೊಳೆಯಲಿಲ್ಲ. ಗೆಲ್ಲಲು ಹೇಳಿದಿರಿ, ಗೆದ್ದರು. ಎದುರಿಗೆ ನಿಲ್ಲಿಸಿದವರನ್ನೆಲ್ಲ ಗೆದ್ದರು. ಕೊನೆಯಲ್ಲಿ ನಿಮ್ಮ ಗೆಲುವುಗಳು ಸರಿಯಾದ ಕೇರಿಯವಲ್ಲ ಎಂದಿರಿ. ಹಾಗಿದ್ದರೆ ಆಟವನ್ನಾದರೂ ಏಕೆ ಆಡಿಸುತ್ತೀರಿ? ಮನಸ್ಸು ಮುರಿದ ಹತ್ತಾರು ಆಟಗಾರರು ಹಿಂದೆ ಸರಿದ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾ ಆ ತಂಡವನ್ನು 63–3ರಿಂದ ಬಡಿದಾಗ, ಆಸಕ್ತಿಯ ವಿವರಣೆ ಯಾರಿಗೂ ನೆನಪಾಗಲಿಲ್ಲ. ಸಮಿತಿಯ ನಿರ್ಧಾರ ಸರಿಯಿತ್ತೆಂಬುದಕ್ಕೆ ಅದೇ ಸಾಕ್ಷಿಯಾಯಿತು.

ಬಿಗ್ ಟೆನ್‌ನವರು ಸಾಧುಗಳೆಂದು ಇದರ ಅರ್ಥವಲ್ಲ. ಹದಿನೆಂಟು ಸದಸ್ಯರಿದ್ದೂ ಹತ್ತೆಂದೇ ಹೇಳಿಕೊಳ್ಳುವ ಆ ಮಂಡಳಿ, ಪ್ಲೇಆಫನ್ನು ಹದಿನಾರು ತಂಡಗಳಿಗೆ ಹಿಗ್ಗಿಸಿ ತಮಗೆ ನಾಲ್ಕು, ಎಸ್‌ಇಸಿಗೆ ನಾಲ್ಕು, ಎಸಿಸಿ ಮತ್ತು ಬಿಗ್ ಟ್ವೆಲ್ವ್‌ಗೆ ತಲಾ ಎರಡು ಸ್ಥಾನಗಳನ್ನು ಆಡುವ ಮೊದಲೇ ಬರೆದುಕೊಡಿ ಎಂದಿತು. ಬಲ ಯಾರದೆಂದು ಮೊದಲೇ ತೀರ್ಮಾನವಾದರೆ ಚರ್ಚೆಯ ಶ್ರಮವೂ ಉಳಿಯುತ್ತದೆ. ಎಸ್‌ಇಸಿಯ ಪಂದ್ಯಗಳ ಹಕ್ಕು, ಪ್ಲೇಆಫ್‌ನ ಪ್ರಸಾರ, ವಾರವಾರದ ಶ್ರೇಯಾಂಕ ಪ್ರಕಟಣೆಯ ಕಾರ್ಯಕ್ರಮ ಈ ಮೂರೂ ಇಎಸ್‌ಪಿಎನ್ ಎಂಬ ಒಂದೇ ವಾಹಿನಿಯ ಕೈಯಲ್ಲಿವೆ. ಬಿಗ್ ಟೆನ್‌ನ ಬೆನ್ನಿಗೆ ಫಾಕ್ಸ್, ಸಿಬಿಎಸ್, ಎನ್‌ಬಿಸಿ ನಿಂತಿವೆ. ಈ ಹಣದ ಸೆಳೆತಕ್ಕೆ ಪಶ್ಚಿಮ ತೀರದ ಪ್ಯಾಕ್ ಟ್ವೆಲ್ವ್ ಕಾನ್ಫರೆನ್ಸು ಸೀಳಿಹೋಗಿ, 2024ರಲ್ಲಿ ಅದರಲ್ಲಿ ಎರಡೇ ತಂಡಗಳು ಉಳಿದವು. ನಮ್ಮವರ ಮಕ್ಕಳೂ ಓದುವ ಬರ್ಕ್ಲಿ, ಸ್ಟ್ಯಾನ್‌ಫರ್ಡ್‌ಗಳು ಅಟ್ಲಾಂಟಿಕ್ ತೀರದ ಎಸಿಸಿಯ ಸದಸ್ಯರಾದವು. ಅಲ್ಲಿನ ವಾಲಿಬಾಲ್ ಹುಡುಗಿಯರೂ ಈಗ ಕಾನ್ಫರೆನ್ಸ್ ಪಂದ್ಯಕ್ಕಾಗಿ ಖಂಡ ದಾಟಿ ಹಾರಬೇಕು. ಅವರ ಕಾನ್ಫರೆನ್ಸ್ ಎಷ್ಟು ಬಲಿಷ್ಠವೆಂದು ಯಾವ ವಾಹಿನಿಯೂ ಚರ್ಚಿಸುವುದಿಲ್ಲ.

ಅಂದಹಾಗೆ, ಬಿಗ್ ಟೆನ್‌ನವರು ತಮ್ಮೊಳಗೆ ಒಂಬತ್ತು ಪಂದ್ಯಗಳನ್ನಾಡುವಾಗ ಎಸ್‌ಇಸಿಯವರು ಎಂಟಕ್ಕೇ ನಿಂತಿದ್ದರು. ನವೆಂಬರಿನ ನಡುವೆ ಸಣ್ಣ ಕಾಲೇಜೊಂದನ್ನು ಕರೆಸಿ ಚಚ್ಚುವುದೂ ಅವರ ಕಠಿಣ ವೇಳಾಪಟ್ಟಿಯ ಭಾಗವಾಗಿತ್ತು. 2024ರಲ್ಲಿ ಅಲಬಾಮಾ ಹೀಗೆ ಮರ್ಸರ್ ತಂಡವನ್ನು 52–7ರಿಂದ ಗೆದ್ದು ಮುಂದಿನ ವಾರ ಓಕ್ಲಹೋಮಾಕ್ಕೆ ಹೋಗಿತ್ತು. ಟೀಕೆ ಕೇಳಿಕೇಳಿ ಕೊನೆಗೆ 2025ರ ಆಗಸ್ಟ್‌ನಲ್ಲಿ, 2026ರಿಂದ ತಾವೂ ಒಂಬತ್ತು ಆಡುವುದಾಗಿ ಅವರು ಘೋಷಿಸಿದರು. ಹದಿನಾರು ತಂಡಗಳಿಗೆ ಒಂದೊಂದು ಪಂದ್ಯ ಹೆಚ್ಚಾದರೆ ವರ್ಷಕ್ಕೆ ಇನ್ನೂ ಎಂಟು ಸೋಲುಗಳು ಮನೆಯೊಳಗೇ ತಯಾರಾಗುತ್ತವೆ, ಎಂಟೂ ಉತ್ತಮ ದರ್ಜೆಯವು.